ಎಂಬಿಎ ಪ್ರವೇಶ ಪರೀಕ್ಷೆಗಳ ಸಿದ್ಧತೆ

ಎಂಬಿಎ ಪ್ರವೇಶ ಪರೀಕ್ಷೆಗಳ ಸಿದ್ಧತೆ ಎಂದರೆ ನಿರ್ವಹಣಾ ಶಾಸ್ತ್ರದ ಸ್ನಾತಕೋತ್ತರ ಕೋರ್ಸುಗಳಿಗೆ ಸೇರಬಯಸುವ ಪದವೀಧರರು ಅರ್ಹತಾ ಪರೀಕ್ಷೆಗಾಗಿ ಕೈಗೊಳ್ಳುವ ಕ್ರಮಬದ್ಧ ಅಭ್ಯಾಸ. ಗಣಿತ, ತರ್ಕ, ದತ್ತಾಂಶ ವಿಶ್ಲೇಷಣೆ ಮತ್ತು ಇಂಗ್ಲಿಷ್ ಗದ್ಯದ ಗ್ರಹಿಕೆ ಇದರ ಮುಖ್ಯ ಅಂಗಗಳು. ಕರ್ನಾಟಕದ ಅಭ್ಯರ್ಥಿಗಳು ಸಾಮಾನ್ಯವಾಗಿ ಎರಡು ಮಟ್ಟದ ಪರೀಕ್ಷೆಗಳನ್ನು ಎದುರಿಸುತ್ತಾರೆ. ಒಂದು, ಕ್ಯಾಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ. ಇನ್ನೊಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ. ಕೋಚಿಂಗ್ ಕೇಂದ್ರಗಳಿರುವ ನಗರಗಳಿಂದ ದೂರದಲ್ಲಿರುವ ಕೊಡಗಿನ ಕಕ್ಕಬೆಯಂಥ ಊರುಗಳಲ್ಲಿ ಈ ಸಿದ್ಧತೆ ಮಳೆಗಾಲ, ಕಾಫಿ ಕುಯ್ಲು ಮತ್ತು ಪ್ರಯಾಣದ ಲೆಕ್ಕಕ್ಕೆ ಹೊಂದಿಕೊಂಡು ನಡೆಯಬೇಕಾಗುತ್ತದೆ. ಈ ಲೇಖನದಲ್ಲಿ ಆ ಭಾಗಕ್ಕೆ ಪ್ರತ್ಯೇಕ ವಿಭಾಗವಿದೆ.

ಉಗಮ ಮತ್ತು ಬೆಳವಣಿಗೆ

ವ್ಯವಹಾರ ಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಎಂಬ ಪದ್ಧತಿ ಅಮೆರಿಕದಲ್ಲಿ ರೂಪುಗೊಂಡಿತು. ಇಂದು ಜಿಮ್ಯಾಟ್ ಎಂದು ಕರೆಯಲಾಗುವ ಪರೀಕ್ಷೆಯ ಮೊದಲ ರೂಪ 1954ರಲ್ಲಿ ನಡೆಯಿತು. ಭಾರತದಲ್ಲಿ ಜಮ್‌ಶೇಡ್‌ಪುರದ ಎಕ್ಸ್‌ಎಲ್‌ಆರ್‌ಐ 1949ರಲ್ಲಿ ಆರಂಭವಾಯಿತು. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದ್‌ಗಳಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಗಳು, ಅಂದರೆ ಐಐಎಂಗಳು, ಸ್ಥಾಪನೆಯಾದವು. 1973ರಲ್ಲಿ ಐಐಎಂ ಬೆಂಗಳೂರು ಶುರುವಾಯಿತು. ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸಗೊಳಿಸಿದ ಅದರ ಕಲ್ಲುಗೋಡೆಯ ಕ್ಯಾಂಪಸ್ ಬನ್ನೇರುಘಟ್ಟ ರಸ್ತೆಯಲ್ಲಿದೆ. ಟಿ.ಎ. ಪೈ 1980ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ, ಅವರದೇ ಹೆಸರಿನ ಟ್ಯಾಪ್ಮಿ ಮತ್ತು ಮೈಸೂರಿನ ಎಸ್‌ಡಿಎಂಐಎಂಡಿ ಕರ್ನಾಟಕದ ಇನ್ನೆರಡು ಪ್ರಮುಖ ಸಂಸ್ಥೆಗಳು. ವಿಶ್ವವಿದ್ಯಾಲಯಗಳ ಮಟ್ಟದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಿ.ಎನ್. ಬಹದ್ದೂರ್ ನಿರ್ವಹಣಾ ವಿಜ್ಞಾನ ಸಂಸ್ಥೆ ಮತ್ತು ಧಾರವಾಡದ ಕೌಸಾಳಿ ಸಂಸ್ಥೆ ಹಳೆಯ ಹೆಸರುಗಳು.

ಐಐಎಂಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಯಾಟ್ ದಶಕಗಳ ಕಾಲ ಕಾಗದ–ಪೆನ್ಸಿಲ್ ಪರೀಕ್ಷೆಯಾಗಿತ್ತು. 2003ರ ನವೆಂಬರಿನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ರದ್ದಾಯಿತು, 2004ರ ಫೆಬ್ರವರಿಯಲ್ಲಿ ಮರುಪರೀಕ್ಷೆ ನಡೆಯಿತು. 2009ರಲ್ಲಿ ಕ್ಯಾಟ್ ಕಂಪ್ಯೂಟರಿಗೆ ವರ್ಗಾವಣೆಯಾಯಿತು. ಆ ಮೊದಲ ವರ್ಷ ತಾಂತ್ರಿಕ ತೊಂದರೆಗಳಿಂದ ಹಲವು ಕೇಂದ್ರಗಳಲ್ಲಿ ಅಭ್ಯರ್ಥಿಗಳು ಪರೀಕ್ಷೆ ಬರೆಯಲಾಗದೆ ಹಿಂತಿರುಗಬೇಕಾಯಿತು. 2015ರಲ್ಲಿ ಮೂರು ವಿಭಾಗಗಳ ರಚನೆ, ಆಯ್ಕೆಗಳಿಲ್ಲದೆ ಉತ್ತರವನ್ನು ಟೈಪ್ ಮಾಡುವ ಪ್ರಶ್ನೆಗಳು ಮತ್ತು ಪರದೆಯ ಮೇಲಿನ ಕ್ಯಾಲ್ಕುಲೇಟರ್ ಬಂದವು. ಕೋವಿಡ್ ಕಾಲದ 2020ರಲ್ಲಿ ಒಂದೇ ದಿನ ಮೂರು ಪಾಳಿ ನಡೆಸಲೆಂದು ಅವಧಿಯನ್ನು ಮೂರು ಗಂಟೆಯಿಂದ ಎರಡು ಗಂಟೆಗೆ ಇಳಿಸಲಾಯಿತು. ಸೋಂಕು ಹೋದ ಮೇಲೂ ಆ ಎರಡು ಗಂಟೆ ಉಳಿದುಕೊಂಡಿತು. ಇಂದಿನ ಸಿದ್ಧತೆಯ ಸ್ವರೂಪವನ್ನು ನಿರ್ಧರಿಸಿರುವುದು ಬಹುಮಟ್ಟಿಗೆ ಈ ಬದಲಾವಣೆಯೇ. ಪಠ್ಯಕ್ರಮ ಹಿಂದಿನದೇ, ಪರೀಕ್ಷೆಯ ಒಟ್ಟು ಅವಧಿ ಕಡಿಮೆಯಾಗಿದೆ.

ಪರೀಕ್ಷೆಗಳ ಬಗೆಗಳು

ಕ್ಯಾಟ್ ಪರೀಕ್ಷೆಯನ್ನು ಐಐಎಂಗಳು ಸರದಿಯಂತೆ ನಡೆಸುತ್ತವೆ. ಅದು ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರ ಇರುತ್ತದೆ. ಶೇ 50 ಅಂಕಗಳೊಂದಿಗೆ ಯಾವುದೇ ಪದವಿ ಪಡೆದವರು ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45 ಸಾಕು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಐಐಎಂಗಳಲ್ಲದ ನೂರಾರು ಸಂಸ್ಥೆಗಳು ಸಹ ಈ ಅಂಕವನ್ನು ಒಪ್ಪಿಕೊಳ್ಳುತ್ತವೆ.

ಎಕ್ಸ್‌ಎಲ್‌ಆರ್‌ಐ ನಡೆಸುವ ಕ್ಸ್ಯಾಟ್ ಜನವರಿ ಆರಂಭದಲ್ಲಿ ಬರುತ್ತದೆ. ಇದರಲ್ಲಿ ‘ನಿರ್ಧಾರ ಕೈಗೊಳ್ಳುವಿಕೆ’ ಎಂಬ ವಿಶಿಷ್ಟ ವಿಭಾಗವಿದೆ. ಒಂದು ಕಾರ್ಖಾನೆಯ ಅಥವಾ ಕಚೇರಿಯ ಇಕ್ಕಟ್ಟನ್ನು ವಿವರಿಸಿ, ಎಲ್ಲರಿಗೂ ನ್ಯಾಯವಾಗುವ ದಾರಿ ಯಾವುದು ಎಂದು ಕೇಳಲಾಗುತ್ತದೆ. ಎಂಟಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟರೆ, ಮುಂದಿನ ಪ್ರತಿ ಖಾಲಿ ಪ್ರಶ್ನೆಗೂ 0.10 ಅಂಕ ಕಳೆಯುವುದು ಈ ಪರೀಕ್ಷೆಯ ಇನ್ನೊಂದು ವಿಶೇಷ.

ಅಖಿಲ ಭಾರತ ನಿರ್ವಹಣಾ ಸಂಘ 1988ರಿಂದ ನಡೆಸುತ್ತಿರುವ ಮ್ಯಾಟ್ ವರ್ಷದಲ್ಲಿ ಹಲವು ಬಾರಿ ಇರುತ್ತದೆ. ಸಿಮ್ಯಾಟ್ ಅನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತದೆ. ಅದರಲ್ಲಿ ಸಾಮಾನ್ಯ ಜ್ಞಾನ ಮತ್ತು ಉದ್ಯಮಶೀಲತೆಯ ವಿಭಾಗಗಳೂ ಇವೆ. ಸಿಂಬಯಾಸಿಸ್ ಸಂಸ್ಥೆಗಳಿಗೆ ಸ್ನ್ಯಾಪ್ ಇದೆ, ವಿದೇಶಿ ಕಾಲೇಜುಗಳಿಗೆ ಮುಖ್ಯವಾಗಿ ಜಿಮ್ಯಾಟ್. ಜಿಮ್ಯಾಟ್ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಕ್ಯಾಟ್ ಅಂಕ ಒಂದೇ ವರ್ಷದ ಪ್ರವೇಶಕ್ಕೆ ಸೀಮಿತ.

ರಾಜ್ಯದೊಳಗಿನ ಸರ್ಕಾರಿ ಕೋಟಾದ ಎಂಬಿಎ ಸೀಟುಗಳಿಗೆ ಪಿಜಿಸಿಇಟಿ ಬರೆಯಬೇಕು. ಎಂಬಿಎ ಪತ್ರಿಕೆ 100 ಅಂಕಗಳದ್ದು, ಅವಧಿ ಎರಡು ಗಂಟೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತಾರ್ಕಿಕತೆ ಮತ್ತು ಗಣಿತದ ಪ್ರಶ್ನೆಗಳಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ರ‍್ಯಾಂಕ್ ಪ್ರಕಟವಾದ ಮೇಲೆ ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಸೀಟು ಹಂಚಿಕೆ ಎಂಬ ಕ್ರಮ ಸಿಇಟಿಯಂತೆಯೇ ನಡೆಯುತ್ತದೆ. ಖಾಸಗಿ ಕಾಲೇಜುಗಳ ಸಂಘ ನಡೆಸುವ ಕೆಮ್ಯಾಟ್ ಇದರಿಂದ ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಒಂದಕ್ಕೆ ಮಾತ್ರ ಅರ್ಜಿ ಹಾಕುವ ಗೊಂದಲ ಸಾಮಾನ್ಯ.

ಕ್ಯಾಟ್ ಪ್ರಶ್ನೆಪತ್ರಿಕೆಯ ರಚನೆ

2024ರ ಕ್ಯಾಟ್‌ನಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು: ಭಾಷೆ ಮತ್ತು ಗದ್ಯಗ್ರಹಿಕೆಗೆ 24, ದತ್ತಾಂಶ ಮತ್ತು ತರ್ಕಕ್ಕೆ 22, ಗಣಿತಕ್ಕೆ 22. ಪ್ರತಿ ವಿಭಾಗಕ್ಕೆ 40 ನಿಮಿಷ. ಒಂದು ವಿಭಾಗದ ಸಮಯ ಮುಗಿಯುವ ತನಕ ಮುಂದಿನದಕ್ಕೆ ಹೋಗುವಂತಿಲ್ಲ, ಮುಗಿದ ಮೇಲೆ ಹಿಂದಿನದಕ್ಕೆ ಮರಳುವಂತಿಲ್ಲ. ಅಂಗವಿಕಲ ಅಭ್ಯರ್ಥಿಗಳಿಗೆ ಪ್ರತಿ ವಿಭಾಗದಲ್ಲಿ 13 ನಿಮಿಷ 20 ಸೆಕೆಂಡ್ ಹೆಚ್ಚುವರಿ ಸಮಯವಿದೆ.

ಸರಿ ಉತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಳೆಯುತ್ತದೆ. ಟೈಪ್ ಮಾಡುವ ಪ್ರಶ್ನೆಗೆ ಕಳೆಯುವ ಅಂಕವಿಲ್ಲ. ಈ ನಿಯಮವನ್ನು ಸಿದ್ಧತೆಯ ಮೊದಲ ದಿನವೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಏನೂ ತಿಳಿಯದೆ ಗುರುತು ಹಾಕಿದರೆ ನಾಲ್ಕರಲ್ಲಿ ಒಮ್ಮೆ 3 ಅಂಕ ಬರುತ್ತದೆ, ಮೂರು ಬಾರಿ ಒಂದೊಂದು ಅಂಕ ಹೋಗುತ್ತದೆ. ನಿವ್ವಳ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಸರಾಸರಿ ಲಾಭ ಪ್ರಶ್ನೆಗೆ ಮೂರನೇ ಒಂದು ಅಂಕ, ಎರಡು ಆಯ್ಕೆಗಳನ್ನು ತೆಗೆದುಹಾಕಲು ಸಾಧ್ಯವಾದರೆ ಒಂದು ಪೂರ್ಣ ಅಂಕ. ಆದ್ದರಿಂದ ಬರೀ ಊಹೆಯಿಂದ ಲಾಭವಿಲ್ಲ, ಆದರೆ ತಪ್ಪು ಆಯ್ಕೆಗಳನ್ನು ಹೊರಗೆ ಹಾಕುವ ಅಭ್ಯಾಸದಿಂದ ಇದೆ. ಟೈಪ್ ಮಾಡುವ ಪ್ರಶ್ನೆಯನ್ನು ಮಾತ್ರ ಖಾಲಿ ಬಿಡಲು ಕಾರಣವೇ ಇಲ್ಲ.

ಭಾಷಾ ವಿಭಾಗದಲ್ಲಿ ನಾಲ್ಕು ಗದ್ಯಭಾಗಗಳು ಮತ್ತು ಅವುಗಳ ಮೇಲೆ 16 ಪ್ರಶ್ನೆಗಳಿರುತ್ತವೆ. ಉಳಿದವು ವಾಕ್ಯಗಳನ್ನು ಕ್ರಮಕ್ಕೆ ತರುವುದು, ಸಾರಾಂಶ ಗುರುತಿಸುವುದು ಮುಂತಾದವು. ದತ್ತಾಂಶ–ತರ್ಕ ವಿಭಾಗದಲ್ಲಿ ಬಿಡಿ ಪ್ರಶ್ನೆಗಳಿಲ್ಲ. ನಾಲ್ಕೈದು ಪ್ರಶ್ನೆಗಳ ಗುಂಪುಗಳು, ಅಂದರೆ ಸೆಟ್‌ಗಳು, ಇರುತ್ತವೆ. ಗಣಿತದಲ್ಲಿ ಅಂಕಗಣಿತ ಮತ್ತು ಬೀಜಗಣಿತದ ಪಾಲು ದೊಡ್ಡದು, ರೇಖಾಗಣಿತ ಮತ್ತು ಸಂಖ್ಯಾಸಿದ್ಧಾಂತದ್ದು ಕಡಿಮೆ. ಎಸ್‌ಎಸ್‌ಎಲ್‌ಸಿ ಗಣಿತ ಚೆನ್ನಾಗಿ ಬರುವವರಿಗೆ ಹೊಸ ವಿಷಯ ಹೆಚ್ಚೇನೂ ಇರುವುದಿಲ್ಲ.

ಪರ್ಸೆಂಟೈಲ್

ಫಲಿತಾಂಶ ಪ್ರಕಟವಾಗುವುದು ಪರ್ಸೆಂಟೈಲ್‌ನಲ್ಲಿ. ಇದು ಶೇಕಡಾವಾರು ಅಂಕವಲ್ಲ, ಅಭ್ಯರ್ಥಿಗಿಂತ ಹಿಂದಿರುವವರ ಪಾಲು. 2024ರಲ್ಲಿ ಸುಮಾರು 2.93 ಲಕ್ಷ ಮಂದಿ ಕ್ಯಾಟ್ ಬರೆದರು. ಆ ವರ್ಷ 99 ಪರ್ಸೆಂಟೈಲ್ ಎಂದರೆ ಸುಮಾರು ಮೊದಲ 2,900 ಮಂದಿಯೊಳಗಿನ ಸ್ಥಾನ. ಮೂರು ಪಾಳಿಗಳ ಪ್ರಶ್ನೆಪತ್ರಿಕೆಗಳ ಕಾಠಿಣ್ಯ ಒಂದೇ ಆಗಿರದ ಕಾರಣ ಅಂಕಗಳನ್ನು ಮೊದಲು ಸಮೀಕರಿಸಿ, ನಂತರ ಸ್ಥಾನ ನಿಗದಿ ಮಾಡುತ್ತಾರೆ. ಪತ್ರಿಕೆ ಕಠಿಣವಾದಾಗ ಎಲ್ಲರ ಅಂಕವೂ ಕುಸಿಯುವುದರಿಂದ, ಅರ್ಧದಷ್ಟು ಪ್ರಶ್ನೆಗಳನ್ನೂ ಬಿಡಿಸದವರಿಗೆ ಉತ್ತಮ ಸ್ಥಾನ ಸಿಗುವುದುಂಟು. ಶಾಲಾ ಪರೀಕ್ಷೆಗಳಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ ಅಭ್ಯಾಸವಾದ ವಿದ್ಯಾರ್ಥಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟವಾಗುತ್ತದೆ.

ಸಿದ್ಧತೆಯ ಕ್ರಮ

ಸಾಮಾನ್ಯ ಸಿದ್ಧತೆ ಆರರಿಂದ ಹತ್ತು ತಿಂಗಳದು. ಮೊದಲ ಹಂತದಲ್ಲಿ ಶೇಕಡಾವಾರು, ಅನುಪಾತ, ಸರಾಸರಿ, ಮಿಶ್ರಣ, ಕಾಲ–ಕೆಲಸ, ವೇಗ–ದೂರ ಮುಂತಾದ ಅಂಕಗಣಿತದ ಅಧ್ಯಾಯಗಳನ್ನು ಗಟ್ಟಿ ಮಾಡಿಕೊಳ್ಳಲಾಗುತ್ತದೆ. ಇವು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾದರೂ ತಳದಲ್ಲಿ ಒಂದೇ ತರ್ಕದವು.

ಕೊಡಗಿನ ಕಾಫಿ ವ್ಯಾಪಾರದಿಂದ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಒಣಗಿದ ರೊಬಸ್ಟಾ ಚೆರಿಯ 50 ಕೆ.ಜಿ. ಮೂಟೆಯಲ್ಲಿ ಎಷ್ಟು ಕೆ.ಜಿ. ಶುದ್ಧ ಬೇಳೆ ಸಿಗುತ್ತದೆ ಎಂಬುದನ್ನು ಔಟ್‌ಟರ್ನ್ ಎನ್ನುತ್ತಾರೆ, ಬೆಲೆ ಕಟ್ಟುವುದು ಅದರ ಮೇಲೆ. ಒಬ್ಬ ಬೆಳೆಗಾರರ ಬಳಿ 26 ಔಟ್‌ಟರ್ನಿನ ಮತ್ತು 28 ಔಟ್‌ಟರ್ನಿನ ಎರಡು ಬಗೆಯ ಮೂಟೆಗಳಿವೆ, ಎರಡನ್ನೂ ಬೆರೆಸಿದಾಗ ಸರಾಸರಿ 27.5 ಬಂತು ಎಂದುಕೊಳ್ಳೋಣ. ಎಷ್ಟಕ್ಕೆ ಎಷ್ಟು ಬೆರೆಸಿದರು ಎಂಬುದು ಪ್ರಶ್ನೆ. ಸಮೀಕರಣ ಬರೆದೂ ಬಿಡಿಸಬಹುದು. ಅಭ್ಯಾಸವಿದ್ದವರು ಸರಾಸರಿಯಿಂದ ಎರಡೂ ಕಡೆಯ ಅಂತರವನ್ನಷ್ಟೇ ನೋಡುತ್ತಾರೆ. 26ರಿಂದ 27.5ಕ್ಕೆ 1.5, 28ಕ್ಕೆ 0.5. ಅಂತರಗಳನ್ನು ಅದಲುಬದಲು ಮಾಡಿದರೆ 26ರದು ಒಂದು ಪಾಲು, 28ರದು ಮೂರು ಪಾಲು. ಮಿಶ್ರಣದ ಅಧ್ಯಾಯದ ಸೂತ್ರ ಇದೇ. ತರಗತಿಯ ಸರಾಸರಿ ಅಂಕ, ಎರಡು ದರದ ಬಡ್ಡಿ, ಲಾಭ–ನಷ್ಟದ ಪ್ರಶ್ನೆಗಳಿಗೂ ಇದೇ ಕ್ರಮ ಒದಗುತ್ತದೆ. ಗಣಿತಕ್ಕೆ 22 ಪ್ರಶ್ನೆ, 40 ನಿಮಿಷ ಎಂದರೆ ಪ್ರಶ್ನೆಗೆ ಎರಡು ನಿಮಿಷವೂ ಇಲ್ಲ. ಆದ್ದರಿಂದ ಇಂಥ ಕಿರುದಾರಿಗಳು ಅನಿವಾರ್ಯ. ಆದರೆ ಉದ್ದದ ದಾರಿ ತಿಳಿಯದೆ ಕಿರುದಾರಿ ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಚಿದ ಕೂಡಲೇ ಸಿಕ್ಕಿಕೊಳ್ಳುತ್ತಾರೆ.

ದತ್ತಾಂಶ–ತರ್ಕ ವಿಭಾಗಕ್ಕೆ ಓದಬೇಕಾದ ಸಿದ್ಧಾಂತ ಹೆಚ್ಚಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಸೆಟ್‌ಗಳನ್ನು ದಿನಕ್ಕೆ ಎರಡರಂತೆ ಬಿಡಿಸುವುದೇ ದಾರಿ. ಇಲ್ಲಿ ಮುಖ್ಯವಾದುದು ಆಯ್ಕೆ. ಮೊದಲ ಕೆಲವು ನಿಮಿಷಗಳಲ್ಲಿ ಎಲ್ಲ ಸೆಟ್‌ಗಳ ಮೇಲೂ ಕಣ್ಣಾಡಿಸಿ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾಗುತ್ತದೆ. ತಪ್ಪು ಸೆಟ್‌ನಲ್ಲಿ ಹದಿನೈದು ನಿಮಿಷ ಕಳೆದುಕೊಂಡರೆ ಆ ವಿಭಾಗ ಚೇತರಿಸಿಕೊಳ್ಳುವುದಿಲ್ಲ.

ಭಾಷಾ ವಿಭಾಗ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೆಚ್ಚು ಆತಂಕ ತರುವಂಥದು. ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಆದರೆ ಇಂದಿನ ಪತ್ರಿಕೆಯಲ್ಲಿ ಪದಗಳ ಅರ್ಥವನ್ನು ಅಥವಾ ವ್ಯಾಕರಣ ನಿಯಮವನ್ನು ನೇರವಾಗಿ ಕೇಳುವುದು ವಿರಳ. ಇತಿಹಾಸ, ತತ್ತ್ವಶಾಸ್ತ್ರ, ಪರಿಸರ, ಅರ್ಥಶಾಸ್ತ್ರದ ಪ್ರಬಂಧಗಳ ತುಣುಕನ್ನು ಕೊಟ್ಟು, ಲೇಖಕರ ವಾದ ಯಾವುದು, ಅದು ಯಾವ ಊಹೆಯ ಮೇಲೆ ನಿಂತಿದೆ, ಯಾವ ಸಂಗತಿ ಅದನ್ನು ದುರ್ಬಲಗೊಳಿಸುತ್ತದೆ ಎಂದು ಕೇಳುತ್ತಾರೆ. ವಾದವನ್ನು ಹಿಡಿಯುವ ಈ ಶಕ್ತಿಗೆ ಭಾಷೆಯ ಹಂಗಿಲ್ಲ. ಕನ್ನಡದಲ್ಲಿ ಗಂಭೀರ ಗದ್ಯ ಓದಿ ಬೆಳೆದವರಲ್ಲಿ ಅದು ಆಗಲೇ ಇರುತ್ತದೆ. ಅವರಿಗೆ ಬೇಕಾದುದು ಇಂಗ್ಲಿಷ್ ಓದಿನ ವೇಗ, ಅದು ಪದಪಟ್ಟಿಗಳಿಂದ ಬರುವುದಿಲ್ಲ. ದಿನಕ್ಕೆ ಎರಡು ಮೂರು ಇಂಗ್ಲಿಷ್ ಪ್ರಬಂಧಗಳನ್ನು ಓದಿ, ಪ್ರತಿಯೊಂದರ ವಾದವನ್ನು ಎರಡು ಸಾಲಿನಲ್ಲಿ, ಬೇಕಿದ್ದರೆ ಕನ್ನಡದಲ್ಲೇ, ಬರೆದಿಡುವ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ.

ಎರಡನೆಯ ಹಂತ ಅಣಕು ಪರೀಕ್ಷೆಗಳದ್ದು. ಜುಲೈ–ಆಗಸ್ಟ್‌ನಿಂದ ವಾರಕ್ಕೊಂದು, ಅಕ್ಟೋಬರ್ ಹೊತ್ತಿಗೆ ವಾರಕ್ಕೆರಡು ಬರೆಯುವುದು ವಾಡಿಕೆ. ಬರೆಯಲು ಎರಡು ಗಂಟೆಯಾದರೆ, ಅದನ್ನು ವಿಶ್ಲೇಷಿಸಲು ಮೂರು ನಾಲ್ಕು ಗಂಟೆ ಬೇಕು. ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬಗೆ ಬಗೆಯಾಗಿ ದಾಖಲಿಸಲಾಗುತ್ತದೆ: ವಿಷಯ ತಿಳಿಯದೆ ಆದ ತಪ್ಪು, ಪ್ರಶ್ನೆ ಸರಿಯಾಗಿ ಓದದೆ ಆದದ್ದು, ಲೆಕ್ಕದ ಎಡವಟ್ಟು, ಕೈಗೆತ್ತಿಕೊಳ್ಳಲೇಬಾರದಿದ್ದ ಪ್ರಶ್ನೆ. ಕೊನೆಯ ಬಗೆಯದು ಎಷ್ಟಿದೆ ಎಂದು ಎಣಿಸಿದವರಿಗೆ ಅಂಕ ಎಲ್ಲಿ ಸೋರುತ್ತಿದೆ ಎಂಬುದು ಗೊತ್ತಾಗುತ್ತದೆ. ಇಡೀ ಸಿದ್ಧತೆಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಭಾಗವೂ ಇದೇ.

ಕಲಿಕೆಯ ಸಾಧನಗಳಲ್ಲಿ ಅರುಣ್ ಶರ್ಮಾ ಅವರ ಗಣಿತ ಪುಸ್ತಕಗಳು, ಐಎಂಎಸ್, ಟೈಮ್, ಕರಿಯರ್ ಲಾಂಚರ್ ಸಂಸ್ಥೆಗಳ ಪಾಠಮಾಲೆಗಳು ಮತ್ತು ಅಣಕು ಪರೀಕ್ಷೆಗಳು ಹೆಚ್ಚು ಬಳಕೆಯಲ್ಲಿವೆ. ಹಳೆಯ ಕ್ಯಾಟ್ ಪತ್ರಿಕೆಗಳು ಉಚಿತವಾಗಿ ದೊರೆಯುತ್ತವೆ.

ಕೊಡಗು ಮತ್ತು ಕಕ್ಕಬೆ

ಕಕ್ಕಬೆ ಮಡಿಕೇರಿ ತಾಲ್ಲೂಕಿನ ನಾಪೋಕ್ಲು ಹೋಬಳಿಯ ಗ್ರಾಮ. ಕೊಡಗಿನ ಅತ್ಯುನ್ನತ ಶಿಖರವಾದ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ, ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಇಲ್ಲಿವೆ. ಒಂದು ಕಾಲಕ್ಕೆ ಜೇನಿಗೆ ಹೆಸರಾಗಿದ್ದ ಈ ಊರಿನ ಇಂದಿನ ಜೀವನಾಧಾರ ಕಾಫಿ, ಕರಿಮೆಣಸು, ಏಲಕ್ಕಿ ಮತ್ತು ಹೋಂಸ್ಟೇಗಳು.

ಇಲ್ಲಿಯ ಅಭ್ಯರ್ಥಿಗಳು ಪದವಿ ಓದಲು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಕಡೆಗೆ, ಅಥವಾ ಜಿಲ್ಲೆಯ ಹೊರಗೆ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಗೋಣಿಕೊಪ್ಪಲಿನಲ್ಲಿ ಕಾವೇರಿ ಕಾಲೇಜು ಇವೆ. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. ಹಾಸ್ಟೆಲಿನಲ್ಲಿ ಓದಿ ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ಸಿದ್ಧತೆ ಶುರು ಮಾಡುವವರಿಗೆ ಮನೆಯೇ ಓದಿನ ಕೋಣೆ.

ಆ ಮನೆಯ ವರ್ಷಕ್ಕೂ ಪರೀಕ್ಷೆಯ ವರ್ಷಕ್ಕೂ ತಾಳೆ ಬೀಳುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಕ್ಕಬೆಯಲ್ಲಿ ಭಾರಿ ಮಳೆ. ಮರ ಬಿದ್ದು ವಿದ್ಯುತ್ ಕಡಿತವಾಗುತ್ತದೆ, ಅದರ ಬೆನ್ನಿಗೆ ಮೊಬೈಲ್ ನೆಟ್‌ವರ್ಕ್ ಸಹ ಹೋಗುತ್ತದೆ. ಕ್ಯಾಟ್ ಅರ್ಜಿ ಸಲ್ಲಿಕೆ ಆಗಸ್ಟ್–ಸೆಪ್ಟೆಂಬರಿನಲ್ಲಿ, ಅಣಕು ಪರೀಕ್ಷೆಗಳು ಗಂಭೀರವಾಗುವುದೂ ಆಗಲೇ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ ಬರುತ್ತವೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಆಳುಗಳ ಅಭಾವವಿರುವ ತೋಟಗಳಲ್ಲಿ ಮನೆಮಂದಿಯೆಲ್ಲ ಕುಯ್ಲಿಗೆ, ಕಣದ ಕೆಲಸಕ್ಕೆ ಕೈಹಾಕಬೇಕು. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಪುತ್ತರಿ. ಆ ಹಬ್ಬದ ದಿನ, ಮುಹೂರ್ತ ನಿಗದಿಯಾಗುವುದೇ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ. ಕ್ಯಾಟ್ ಅದೇ ದಿನಗಳ ಆಸುಪಾಸಿನಲ್ಲಿ ನಡೆಯುತ್ತದೆ.

ಆದ್ದರಿಂದ ಇಲ್ಲಿಯವರಿಗೆ ಅನುಕೂಲವಾಗುವ ಕ್ರಮ ನಗರದ ಕೋಚಿಂಗ್ ವೇಳಾಪಟ್ಟಿಗಿಂತ ಬೇರೆ. ರೊಬಸ್ಟಾ ಕುಯ್ಲು ಮುಗಿದು ಹೂಮಳೆ ಬೀಳುವ ಮಾರ್ಚ್–ಏಪ್ರಿಲ್‌ನಿಂದ ಮೇ ತನಕ ಗಣಿತದ ಮೂಲಪಾಠಗಳನ್ನು ಮುಗಿಸಿಕೊಳ್ಳುವುದು, ಮಳೆಗಾಲಕ್ಕೆ ಕಾಗದದಲ್ಲಿ ಬಿಡಿಸಬಹುದಾದ ಹಳೆಯ ಪತ್ರಿಕೆಗಳನ್ನು ಮತ್ತು ಡೌನ್‌ಲೋಡ್ ಮಾಡಿದ ಪಾಠಗಳನ್ನು ಮೊದಲೇ ಇಟ್ಟುಕೊಳ್ಳುವುದು, ಪೂರ್ಣ ಅಣಕು ಪರೀಕ್ಷೆಗಳಿಗೆ ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ವಿದ್ಯುತ್ ಭರವಸೆಯಿರುವ ಜಾಗ ನೋಡಿಕೊಳ್ಳುವುದು. ಕಾಗದದ ಮೇಲಿನ ಅಭ್ಯಾಸ ಮಾತ್ರ ಸಾಲದು, ಪರೀಕ್ಷೆ ಪರದೆಯ ಮೇಲೆ ನಡೆಯುವುದರಿಂದ ಉದ್ದದ ಗದ್ಯವನ್ನು ಪರದೆಯಲ್ಲಿ ಓದುವ ರೂಢಿ ಬೇಕು.

ಪ್ರಯಾಣ ಇನ್ನೊಂದು ಅಂಶ. ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಜಿಲ್ಲೆಗೆ ಅನುಕೂಲದ ಪರೀಕ್ಷಾ ನಗರಗಳು ಮೈಸೂರು ಮತ್ತು ಮಂಗಳೂರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಕಕ್ಕಬೆಯಿಂದ ಮಡಿಕೇರಿಗೆ ಬರುವ ಬೆಟ್ಟದ ದಾರಿ ಬೇರೆ. ಕ್ಯಾಟ್‌ನ ಮೂರು ಪಾಳಿಗಳು ಬೆಳಿಗ್ಗೆ 8.30, ಮಧ್ಯಾಹ್ನ 12.30 ಮತ್ತು ಸಂಜೆ 4.30ಕ್ಕೆ ಆರಂಭವಾಗುತ್ತವೆ. ಪಾಳಿ ಆರಿಸುವ ಅವಕಾಶ ಅಭ್ಯರ್ಥಿಗಿಲ್ಲ. ಬೆಳಗಿನ ಪಾಳಿ ಬಂದರೆ ಹಿಂದಿನ ದಿನವೇ ಊರು ಬಿಟ್ಟು ಪರೀಕ್ಷಾ ನಗರದಲ್ಲಿ ಉಳಿಯಬೇಕು. ಮಂಗಳೂರಿಗೆ ಹೋಗುವ ದಾರಿಯ ಸಂಪಾಜೆ ಘಾಟಿ 2018ರ ಆಗಸ್ಟ್ ಭೂಕುಸಿತದಲ್ಲಿ ವಾರಗಟ್ಟಲೆ ಮುಚ್ಚಿತ್ತು. ನವೆಂಬರಿನಲ್ಲಿ ಆ ಅಪಾಯ ಕಡಿಮೆ, ಮಳೆಗಾಲದಲ್ಲಿ ಬರುವ ಪರೀಕ್ಷೆಗಳಿಗೆ ಮೈಸೂರೇ ನಂಬಿಕೆಯ ಆಯ್ಕೆ.

ದಾಖಲೆಗಳ ವಿಷಯದಲ್ಲೂ ಎಚ್ಚರ ಬೇಕು. ಐಐಎಂಗಳು ಹಿಂದುಳಿದ ವರ್ಗದ ಮೀಸಲಾತಿಗೆ ಕೇಂದ್ರದ ಪಟ್ಟಿಯನ್ನು ಅನುಸರಿಸುತ್ತವೆ. ರಾಜ್ಯದ ಪ್ರವರ್ಗ 2ಎ ಅಥವಾ 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ, ಕೆನೆಪದರಕ್ಕೆ ಸೇರಿಲ್ಲವೆಂಬ ಕೇಂದ್ರ ನಮೂನೆಯ ಪ್ರಮಾಣಪತ್ರ ಬೇಕು. ನಾಡಕಚೇರಿ, ತಾಲ್ಲೂಕು ಕಚೇರಿಗಳ ಈ ಓಡಾಟವನ್ನು ಅರ್ಜಿ ಕರೆಯುವ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ.

ಪರೀಕ್ಷೆಯ ನಂತರ

ಡಿಸೆಂಬರ್–ಜನವರಿಯಲ್ಲಿ ಫಲಿತಾಂಶ ಬಂದ ಮೇಲೆ ಸಂಸ್ಥೆಗಳು ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಕರೆಯುತ್ತವೆ. ಕ್ಯಾಟ್ ಅಂಕದ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳು, ಕೆಲಸದ ಅನುಭವ ಮುಂತಾದವಕ್ಕೂ ಸಂಸ್ಥೆಗಳು ತಮ್ಮದೇ ಪ್ರಮಾಣದಲ್ಲಿ ಬೆಲೆ ಕೊಡುತ್ತವೆ. ಹೊಸ ಐಐಎಂಗಳಲ್ಲಿ ಹಲವು ಸೇರಿ ಜಂಟಿ ಸಂದರ್ಶನ ನಡೆಸುತ್ತವೆ. ಕೆಲವೆಡೆ ಸ್ಥಳದಲ್ಲೇ ಕಿರು ಪ್ರಬಂಧ ಬರೆಯಿಸುತ್ತಾರೆ.

ಅಭ್ಯರ್ಥಿಯ ಊರು ಮತ್ತು ಮನೆಯ ಕಸುಬಿನ ಬಗ್ಗೆ ಪ್ರಶ್ನೆಗಳು ಬರುವುದು ಸಾಮಾನ್ಯ. ಕೊಡಗಿನವರಾದರೆ ಕಾಫಿಯ ಪ್ರಶ್ನೆ ನಿರೀಕ್ಷಿತವೇ. ರೊಬಸ್ಟಾ ದರ ಲಂಡನ್ ಮಾರುಕಟ್ಟೆಯನ್ನೂ ಅರೇಬಿಕಾ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ಅನುಸರಿಸುವುದೇಕೆ, ಕಾಫಿ ಮಂಡಳಿ ಮೂಲಕವೇ ಮಾರಬೇಕಿದ್ದ ವ್ಯವಸ್ಥೆ 1990ರ ದಶಕದಲ್ಲಿ ಸಡಿಲಗೊಂಡು ಏನು ಬದಲಾಯಿತು, ಅರಣ್ಯನಾಶವಿಲ್ಲದೆ ಬೆಳೆದದ್ದೆಂದು ತೋರಿಸಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ ಸಣ್ಣ ಬೆಳೆಗಾರರಿಗೆ ಏನು ಮಾಡುತ್ತದೆ. ಇವು ತೋಟದ ಮನೆಯ ವಿದ್ಯಾರ್ಥಿ ಪುಸ್ತಕಕ್ಕಿಂತ ಚೆನ್ನಾಗಿ ಉತ್ತರಿಸಬಲ್ಲ ವಿಷಯಗಳು. ಊರಿನ ಬಗ್ಗೆ ಹೇಳಲು ಹಿಂಜರಿಯುವವರು ತಮ್ಮ ಬಲವಾದ ಪಾಠವನ್ನೇ ಕೈಬಿಟ್ಟಂತಾಗುತ್ತದೆ.

ತೋಟಗಾರಿಕೆಯ ಹಿನ್ನೆಲೆಯವರಿಗೆ ಬೆಂಗಳೂರಿನ ಭಾರತೀಯ ತೋಟ ನಿರ್ವಹಣಾ ಸಂಸ್ಥೆ ಒಂದು ನಿರ್ದಿಷ್ಟ ಗುರಿಯಾಗಬಹುದು. ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿ 1993ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಕಾಫಿ, ಚಹಾ, ರಬ್ಬರ್, ಸಾಂಬಾರ ಉದ್ಯಮಗಳಿಗೆ ವ್ಯವಸ್ಥಾಪಕರನ್ನು ತಯಾರು ಮಾಡುತ್ತದೆ. ಕ್ಯಾಟ್, ಮ್ಯಾಟ್ ಮುಂತಾದ ಪರೀಕ್ಷೆಗಳ ಅಂಕಗಳ ಮೇಲೆ ಪ್ರವೇಶ ನೀಡುತ್ತದೆ. ಸೇನೆಯಿಂದ ನಿವೃತ್ತರಾಗುವ ಅಧಿಕಾರಿಗಳಿಗೆ, ಕೊಡಗಿನಲ್ಲಿ ಅಂಥವರು ಬಹಳ, ಪುನರ್ವಸತಿ ಮಹಾನಿರ್ದೇಶನಾಲಯದ ಮೂಲಕ ಐಐಎಂಗಳಲ್ಲಿ ಸುಮಾರು ಆರು ತಿಂಗಳ ಪ್ರತ್ಯೇಕ ಕೋರ್ಸುಗಳಿವೆ.

ಸದ್ಯದ ಸ್ಥಿತಿ

2017ರ ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬಂದ ನಂತರ ಈ ಸಂಸ್ಥೆಗಳು ಡಿಪ್ಲೊಮಾ ಬದಲು ಎಂಬಿಎ ಪದವಿಯನ್ನೇ ನೀಡುತ್ತಿವೆ. ಐಐಎಂಗಳ ಸಂಖ್ಯೆ ಇಪ್ಪತ್ತನ್ನು ದಾಟಿದೆ. ಶುಲ್ಕವೂ ಏರಿದೆ, ಐಐಎಂ ಬೆಂಗಳೂರಿನ ಎರಡು ವರ್ಷದ ಕೋರ್ಸಿಗೆ 20 ಲಕ್ಷ ರೂಪಾಯಿಗೂ ಹೆಚ್ಚು ಬೇಕು. ಪಿಜಿಸಿಇಟಿ ಮೂಲಕ ಸಿಗುವ ಸರ್ಕಾರಿ ವಿಶ್ವವಿದ್ಯಾಲಯದ ಸೀಟಿಗೆ ಇದರ ಸಣ್ಣದೊಂದು ಪಾಲು ಸಾಕು. ಆದ್ದರಿಂದ ಎರಡೂ ಪರೀಕ್ಷೆಗಳಿಗೆ ಒಟ್ಟಿಗೆ ತಯಾರಾಗುವುದು ಮಧ್ಯಮ ವರ್ಗದ ಹಾಗೂ ಸಣ್ಣ ಬೆಳೆಗಾರರ ಮನೆಗಳಲ್ಲಿ ಸಾಮಾನ್ಯವಾಗಿದೆ. ಪಠ್ಯದ ಬಹುಪಾಲು ಒಂದೇ ಆಗಿರುವುದರಿಂದ ಅದು ಸಾಧ್ಯವೂ ಹೌದು, ಸಾಮಾನ್ಯ ಜ್ಞಾನವನ್ನು ಮಾತ್ರ ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಪಿಯುಸಿ ನಂತರವೇ ಸೇರುವ ಐದು ವರ್ಷದ ಸಂಯೋಜಿತ ಕೋರ್ಸನ್ನು ಐಐಎಂ ಇಂದೋರ್ 2011ರಲ್ಲಿ ಆರಂಭಿಸಿತು. ಜಮ್ಮು ಮತ್ತು ಬೋಧಗಯಾ ಐಐಎಂಗಳ ಇಂಥ ಕೋರ್ಸಿಗೆ 2021ರಿಂದ ಜಿಪ್ಮ್ಯಾಟ್ ಪರೀಕ್ಷೆ ಇದೆ. ಜಿಮ್ಯಾಟ್ ಅನ್ನು ಮನೆಯಿಂದಲೇ ಬರೆಯುವ ವ್ಯವಸ್ಥೆ ಬಂದಿದೆ, ಅದಕ್ಕೆ ಅಡೆತಡೆಯಿಲ್ಲದ ಇಂಟರ್‌ನೆಟ್ ಮತ್ತು ವಿದ್ಯುತ್ ಬೇಕು. ಕೋಚಿಂಗ್ ಬಹುಮಟ್ಟಿಗೆ ಆನ್‌ಲೈನ್ ಆಗಿರುವುದರಿಂದ ಬೆಂಗಳೂರಿನ ಪಿ.ಜಿ.ಯಲ್ಲಿ ಆರು ತಿಂಗಳು ಇದ್ದು ಓದಬೇಕೆಂಬ ಅನಿವಾರ್ಯತೆ ತಪ್ಪಿದೆ. ಕನ್ನಡದಲ್ಲಿ ವಿವರಿಸುವ ಗಣಿತ ಮತ್ತು ತರ್ಕದ ಪಾಠಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕೆಎಎಸ್, ಪೊಲೀಸ್ ಮತ್ತು ಬ್ಯಾಂಕ್ ಪರೀಕ್ಷೆಗಳಿಗೆಂದು ಮಾಡಿದವು, ಅಂಕಗಣಿತದ ಮೂಲಪಾಠಗಳಿಗೆ ಅವು ಸಾಕಾಗುತ್ತವೆ. ಕ್ಯಾಟ್ ಮಟ್ಟದ ದತ್ತಾಂಶ–ತರ್ಕದ ಸೆಟ್‌ಗಳನ್ನು ಕನ್ನಡದಲ್ಲಿ ಬಿಡಿಸಿ ತೋರಿಸುವ ಸಾಮಗ್ರಿ ಇನ್ನೂ ವಿರಳ.